ಗಟ್ಟಿಯಾಗಿ ಓದಿದ ಕಾಗದ

ಹೈದರಾಬಾದ್
6 ಜುಲೈ 2025

ಶಾಲಿನಿ,

ಮೊದಲು ಬೈದುಬಿಡುತ್ತೇನೆ, ಆಮೇಲೆ ಸಿಹಿಸುದ್ದಿಗೆ ಬರುತ್ತೇನೆ. ಫೋನಿನ ಕಿರಣ ಬಸುರಿಗೆ ತಾಗುತ್ತದೆ ಅಂತ ನಿನ್ನ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಬುದ್ಧಿ ನಮ್ಮಮ್ಮನಿಗೆ ಎಲ್ಲಿಂದ ಬಂತು? ನಿನ್ನ ಗಂಡ, ಅಂದರೆ ನನ್ನ ಘನವಾದ ತಮ್ಮ, ಮೇಷ್ಟ್ರಾಗಿದ್ದುಕೊಂಡು ಬಾಯಿಗೆ ಹೊಲಿಗೆ ಹಾಕಿಕೊಂಡು ಕೂತಿದ್ದಾನಾ? ನಿನ್ನೆ ರಾಜೇಂದ್ರನ ಫೋನಿಗೆ ಮಾಡಿದರೆ ಸ್ಪೀಕರ್ ಹಾಕಿ ನಡುಮನೆಯಲ್ಲಿಟ್ಟ. ಅಪ್ಪ ಕೆಮ್ಮಿದ್ದು, ಅಮ್ಮ ಪಾತ್ರೆ ಕುಕ್ಕಿದ್ದು ಎಲ್ಲ ಕೇಳಿಸಿತು. ನಿನ್ನ ಬಾಯಿಂದ ಮಾತ್ರ ‘ಚೆನ್ನಾಗಿದೀನಿ ಅಕ್ಕ’ ಬಿಟ್ಟು ಇನ್ನೊಂದು ಮಾತು ಹೊರಡಲಿಲ್ಲ. ಅದಕ್ಕೇ ಕಾಗದ. ಎಷ್ಟೋ ವರ್ಷದ ಮೇಲೆ ಪೆನ್ನು ಹಿಡಿದು ಕನ್ನಡ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೋ.

ನಾಲ್ಕು ತಿಂಗಳು ಅಂತ ಕೇಳಿ ಖುಷಿಯಾಯಿತು. ಹೆದರಿಕೆಯೂ ಆಯಿತು, ಸುಳ್ಳು ಯಾಕೆ ಹೇಳಲಿ. ಎರಡು ವರ್ಷದ ಹಿಂದೆ ಬಿಪಿ ಏರಿ ಎಂಟನೇ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತಲ್ಲ, ಹನ್ನೊಂದು ವರ್ಷದಿಂದ ಇಲ್ಲಿನ ಲ್ಯಾಬಿನಲ್ಲಿ ನಾನು ನೋಡುತ್ತಿರುವುದು ಅದೇ ಕಾಯಿಲೆಯನ್ನು. ಅಪ್ಪನ ಕೆಲಸದ ಮಾತಿನಲ್ಲೇ ಹೇಳುತ್ತೇನೆ ಕೇಳು. ನಾಲೆ ತುಂಬ ನೀರಿದ್ದರೆ ಸಾಲದು, ತೂಬು ಎತ್ತಿ ಕೊನೆಯ ಗದ್ದೆಗೂ ನೀರು ಬಿಡುವ ನೀರುಗಂಟಿ ಬೇಕು. ನಮ್ಮ ರಕ್ತನಾಳಗಳಲ್ಲಿ ಆ ಕೆಲಸ ಮಾಡುವುದು ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ. ನಾಳದ ಒಳಗೋಡೆಯಲ್ಲೇ ಹುಟ್ಟುತ್ತದೆ, ಕೆಲವೇ ಕ್ಷಣ ಬದುಕುತ್ತದೆ, ಅಷ್ಟರಲ್ಲಿ ಬಿಗಿದ ನಾಳವನ್ನು ಸಡಿಲ ಮಾಡುತ್ತದೆ. ಅದು ಕಡಿಮೆಯಾದರೆ ಮಗುವನ್ನು ಸಾಕುವ ಮಾಸಿಗೆ ರಕ್ತ ಹೋಗುವುದಿಲ್ಲ, ಮಗು ಒಣಗುತ್ತದೆ, ಇತ್ತ ತಾಯಿಯ ಬಿಪಿ ಏರುತ್ತದೆ.

ಬೀಟ್‌ರೂಟ್, ದಂಟು, ಪಾಲಕ್ ಸೊಪ್ಪು ತಿಂದರೆ ಅದರಲ್ಲಿರುವ ನೈಟ್ರೇಟ್ ಮೈಯಲ್ಲಿ ಇದೇ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ದಿನಾ ಒಂದು ಲೋಟ ಬೀಟ್‌ರೂಟ್ ರಸ ಕುಡಿ. ಊಟ ಸರಿಯಾಗಿದ್ದರೆ ಮಾತ್ರೆಗಳು ಬೇಕಾಗುವುದೇ ಇಲ್ಲ. ಇದು ನನ್ನ ಮಾತು ಅಂತ ಅಮ್ಮನಿಗೆ ಹೇಳು, ಎದುರಾಡುವುದಿಲ್ಲ.

ಸುನಿತಕ್ಕ

*

ಬೆಳಕವಾಡಿ
2 ಆಗಸ್ಟ್ 2025

ಅಕ್ಕನವರಿಗೆ ಶಾಲಿನಿಯ ನಮಸ್ಕಾರ.

ನಿಮ್ಮ ಕಾಗದ ನನ್ನ ಹೆಸರಿಗಿದ್ದರೂ ಒಡೆದದ್ದು ನಿಮ್ಮ ತಮ್ಮ. ಊಟ ಆದ ಮೇಲೆ ಎಲ್ಲರನ್ನೂ ಕೂರಿಸಿಕೊಂಡು ಶಾಲೆಯಲ್ಲಿ ಪಾಠ ಓದುವ ಹಾಗೆ ಗಟ್ಟಿಯಾಗಿ ಓದಿದರು. ಅತ್ತೆಗೆ ನೀವು ಬೈದಿದ್ದನ್ನು ಮಾತ್ರ ಬಿಟ್ಟು ಓದಿದರು. ನೀರುಗಂಟಿಯ ಮಾತು ಬಂದಾಗ ಮಾವ ಎದ್ದು ಕೂತು, “ನನ್ ಕೆಲ್ಸಾನೂ ಡಾಕ್ಟ್ರು ಪುಸ್ತಕ್ದಲ್ಲಿ ಬತ್ತದಾ? ಇನ್ನೊಂದ್ಸಲ ಓದ್ಲಾ” ಅಂದರು. ಮೂರು ಸಲ ಓದಿಸಿದರು. ನಮ್ಮ ಕೇರಿಯಿಂದ ಡಾಕ್ಟರೇಟ್ ಮಾಡಿದವರು ನೀವೊಬ್ಬರೇ ಅಲ್ಲವಾ, ಕಾಗದವನ್ನು ಬಾಬಾಸಾಹೇಬರ ಫೋಟೋದ ಪಕ್ಕದ ಮೊಳೆಗೆ ಸಿಕ್ಕಿಸಿದ್ದಾರೆ. ಬೀಟ್‌ರೂಟಿನ ಸಾಲಿಗೆ ನಿಮ್ಮ ತಮ್ಮ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ.

ನಾಲ್ಕು ದಿನದ ಹಿಂದೆ ಮಳವಳ್ಳಿಯಲ್ಲಿ ತೋರಿಸಿದೆವು. ಬಿಪಿ ನೂರೈವತ್ತು–ನೂರು ಇದೆ. ಡಾಕ್ಟರಮ್ಮ ದಿನಾ ಎರಡು ಹೊತ್ತು ನುಂಗಲು ಮಾತ್ರೆ ಕೊಟ್ಟು, ಒಂದು ದಿನವೂ ತಪ್ಪಿಸಬೇಡಿ ಅಂದರು. ಮನೆಗೆ ಬಂದರೆ ಅತ್ತೆ ಮಾತ್ರೆಯ ಚೀಟಿ ನೋಡಿದ್ದೇ ತಡ, “ಓದ್ಸಲ ಮಾತ್ರೆ ನುಂಗಿ ನುಂಗೀನೇ ಮಗೀನ ಕಳ್ಕಂಡ್ಳು. ಸುನಿತ ಬರ್ದವ್ಳಲ್ಲ, ಮಾತ್ರೆ ಬ್ಯಾಡ ಅಂತ. ಬುಡು ಅತ್ಲಾಗೆ” ಅಂದರು. ನಿಮ್ಮ ತಮ್ಮ ಹೌದು ಅಂತ ತಲೆ ಅಲ್ಲಾಡಿಸಿದರು.

ನಾನು ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಮಾತ್ರೆ ತೆಗೆದುಕೊಳ್ಳಲಾ, ಬೇಡವಾ? ಒಂದೇ ಸಾಲು ಬರೆಯಿರಿ ಸಾಕು. ನೀವು ಬರೆದರೆ ಈ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಕಾಗದವನ್ನು ಮನೆಗೆ ಹಾಕಬೇಡಿ, ನಮ್ಮೂರ ಅಂಗನವಾಡಿ ಟೀಚರ್ ಅರ್ಪಿತ ಅವರ ವಿಳಾಸ ಕೆಳಗಿದೆ, ಅಲ್ಲಿಗೆ ಹಾಕಿ. ಇದನ್ನು ಪೋಸ್ಟ್ ಮಾಡುತ್ತಿರುವುದೂ ಅವರೇ.

ಶಾಲಿನಿ

*

ಹೈದರಾಬಾದ್
14 ಸೆಪ್ಟೆಂಬರ್ 2025

ಶಾಲಿನಿ,

ತಡವಾಯಿತು. ಸಮ್ಮೇಳನಕ್ಕೆ ಜರ್ಮನಿಗೆ ಹೋಗಿದ್ದೆ, ಅದಕ್ಕೆ ಮೊದಲು ಒಂದು ತಿಂಗಳು ಅದರದೇ ತಯಾರಿ. ನಿನ್ನ ಕಾಗದ ವಿಮಾನದಲ್ಲಿ ಓದಿದೆ. ಅಪ್ಪ ಅಂದ ಮಾತನ್ನು ಅಲ್ಲಿ ಭಾಷಣದ ಕೊನೆಗೆ ಹೇಳಿದೆ. ನೀರುಗಂಟಿ ಅಂದರೆ ಯಾರು ಅಂತ ವಿವರಿಸಿದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಅಪ್ಪನಿಗೆ ಹೇಳು.

ನೀನು ಹೆದರಬೇಡ. ಚೆನ್ನಾಗಿ ನಿದ್ದೆ ಮಾಡು, ಎಡಮಗ್ಗುಲಿಗೆ ಮಲಗು. ಬೀಟ್‌ರೂಟ್ ಬಿಡಬೇಡ. ಉಳಿದದ್ದನ್ನು ದೀಪಾವಳಿಗೆ ಬಂದಾಗ ಮಾತಾಡೋಣ.

ಸುನಿತಕ್ಕ

*

ಹೈದರಾಬಾದ್
5 ಅಕ್ಟೋಬರ್ 2025

ಶಾಲಿನಿ,

ಈಗಷ್ಟೇ ರಾಜೇಂದ್ರನ ಜೊತೆ ಮಾತಾಡಿದೆ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಕಾಲು, ಮುಖ ಎಲ್ಲ ಊದಿದೆಯಂತೆ. ಬಿಪಿ ನೂರ ಅರವತ್ತು ದಾಟಿದೆಯಂತೆ. ಮಾತ್ರೆ ನುಂಗುತ್ತಿದ್ದಾಳಾ ಅಂದರೆ, “ಇಲ್ಲ ಕಣಕ್ಕ, ಅವ್ಳೇ ಬ್ಯಾಡ ಅಂತವ್ಳೆ” ಅಂದ.

ನೀನು ಬಿ.ಎಸ್ಸಿ. ಓದಿದವಳು! ಒಂದು ಮಗು ಕಳೆದುಕೊಂಡವಳು! ಡಾಕ್ಟರು ಕೊಟ್ಟ ಮಾತ್ರೆಯನ್ನು ಬೇಡ ಅನ್ನಲು ನಿನಗೇನು ತಲೆ ಕೆಟ್ಟಿದೆಯಾ? ಏನೂ ಓದದ ಹೆಂಗಸರು ಬಿಸಿಲಲ್ಲಿ ನಾಲ್ಕು ಮೈಲಿ ನಡೆದು ಬಂದು ಮಾತ್ರೆ ಇಸಿದುಕೊಂಡು ಹೋಗುತ್ತಾರೆ. ನಿನಗೆ ಮನೆ ಬಾಗಿಲಿಗೆ ಬಂದದ್ದು ಸಸಾರವಾಯಿತು. ನಾನು ಹನ್ನೊಂದು ವರ್ಷ ಕಣ್ಣು ಹಾಳು ಮಾಡಿಕೊಂಡು ಓದಿದ್ದು ಯಾರಿಗೋಸ್ಕರ? ನನ್ನ ಮನೆಯಲ್ಲೇ ಇಂಥ ಮೊಂಡುತನ ಇದ್ದರೆ ಊರಿಗೆ ಏನಂತ ಬುದ್ಧಿ ಹೇಳಲಿ?

ಈ ಕಾಗದ ತಲುಪಿದ ದಿನವೇ ಮಂಡ್ಯಕ್ಕೆ ಹೋಗು. ಈ ಸಲವೂ ಮಗುವಿಗೆ ಏನಾದರೂ ಆದರೆ ಅದು ನಿನ್ನ ಕೈಯಾರೆ ಆದದ್ದು, ನೆನಪಿಟ್ಟುಕೋ.

ಸುನಿತಾ

*

ಮಂಡ್ಯ, ಆಸ್ಪತ್ರೆಯಿಂದ
26 ಅಕ್ಟೋಬರ್ 2025

ಸುನಿತಾ ಅವರಿಗೆ,

ಎಲ್ಲರೂ ಕ್ಷೇಮ ಅಂತ ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ.

ಮಗು ಹುಟ್ಟಿದೆ ಅಂತ ನಿಮ್ಮ ತಮ್ಮ ಫೋನಿನಲ್ಲಿ ಹೇಳಿದ್ದಾರೆ. ಹೇಗೆ ಹುಟ್ಟಿತು ಅಂತ ಹೇಳಿರುವುದಿಲ್ಲ. ಹದಿಮೂರನೇ ತಾರೀಕು ಬೆಳಿಗ್ಗೆ ತಲೆ ಒಡೆದುಹೋಗುವ ಹಾಗೆ ನೋವು. ಕಣ್ಣ ಮುಂದೆ ಏನೇನೋ ಮಿಣುಕು, ಬಾಗಿಲು ಯಾವುದು ಗೋಡೆ ಯಾವುದು ತಿಳಿಯಲಿಲ್ಲ. ಎದೆಗುಂಡಿಗೆಯ ಕೆಳಗೆ ಹಿಂಡುತ್ತಿತ್ತು. ಅತ್ತೆ ಏನು ಕೊಟ್ಟರು ಗೊತ್ತಾ? ಎರಡನೇ ಲೋಟ ಬೀಟ್‌ರೂಟ್ ರಸ. ಎರಡು ತಿಂಗಳಿಂದ ಉಚ್ಚೆ ಕೆಂಪಗೆ ಹೋಗುತ್ತಿದ್ದರೆ “ರಕ್ತ ಊರ್ತಾ ಅದೆ ಕಣಮ್ಮ, ಕುಡಿ” ಅನ್ನುತ್ತಿದ್ದರು. ಅರ್ಪಿತ ಟೀಚರ್ ಬಂದು ನನ್ನ ಮುಖ ನೋಡಿ ಕೂಗಾಡಿ 108 ಕರೆಸಿದರು. ಮಳವಳ್ಳಿಯಲ್ಲಿ ನೂರತೊಂಬತ್ತು–ನೂರಿಪ್ಪತ್ತು. ಇಂಜೆಕ್ಷನ್ ಕೊಟ್ಟು ಮಂಡ್ಯಕ್ಕೆ ಕಳಿಸಿದರು. ಮದ್ದೂರಿನ ಹತ್ತಿರ ಫಿಟ್ಸ್ ಬಂತಂತೆ, ನನಗೆ ನೆನಪಿಲ್ಲ. ಎಚ್ಚರವಾದಾಗ ಹೊಟ್ಟೆ ಕೊಯ್ದಾಗಿತ್ತು. ಹೆಣ್ಣು ಮಗು, ಒಂದು ಕೆಜಿ ನೂರ ಎಂಬತ್ತು ಗ್ರಾಂ. ಗಾಜಿನ ಪೆಟ್ಟಿಗೆಯಲ್ಲಿದೆ. ಉಳಿಯುತ್ತದಾ ಅಂದರೆ ಡಾಕ್ಟರು ‘ನೋಡೋಣಮ್ಮ’ ಅನ್ನುತ್ತಾರೆ. ಹದಿಮೂರು ದಿನದಿಂದ ಅದೊಂದೇ ಮಾತು.

ಈಗ ಮಾತ್ರೆಯ ವಿಷಯ. ಆಗಸ್ಟಿನಲ್ಲಿ ನಿಮ್ಮನ್ನು ಒಂದೇ ಸಾಲು ಕೇಳಿದೆ. ನಿಮ್ಮ ಉತ್ತರ ಬರುವವರೆಗೆ ಅಂತ ಮಾತ್ರೆಗಳನ್ನು ಅಂಗನವಾಡಿಯಲ್ಲಿಟ್ಟು, ಎರಡು ಹೊತ್ತೂ ನೀರು ತರುವ ನೆಪದಲ್ಲಿ ಹೋಗಿ ಕದ್ದು ನುಂಗಿದೆ. ಆರು ವಾರ ನುಂಗಿದೆ. ಬಿಪಿ ಇಳಿದಿತ್ತು. ಆಮೇಲೆ ನಿಮ್ಮ ಕಾಗದ ಬಂತು. ಅದನ್ನೂ ಮನೆಗೇ ಹಾಕಿದ್ದಿರಿ, ಅದನ್ನೂ ಗಟ್ಟಿಯಾಗಿ ಓದಿದರು. ಮಾತ್ರೆಯ ಸುದ್ದಿಯೇ ಇಲ್ಲ. ‘ಹೆದರಬೇಡ, ಬೀಟ್‌ರೂಟ್ ಬಿಡಬೇಡ.’ ನಿಮ್ಮ ತಮ್ಮ, “ನೋಡ್ದಾ, ಬೇಕಿದ್ರೆ ಅಕ್ಕ ಬರೀತಿರ್ಲಿಲ್ವಾ? ಇದ್ರ ಮೇಲೇ ಡಾಕ್ಟ್ರೇಟ್ ಮಾಡವ್ಳೆ” ಅಂದರು. ನಾನೂ ಹಾಗೇ ಅಂದುಕೊಂಡೆ. ಮಾತ್ರೆ ಬೇಕಾಗಿದ್ದರೆ ಇಷ್ಟು ತಿಳಿದವರು ಬರೆಯದೆ ಇರುತ್ತಾರಾ ಅಂತ ನಂಬಿ, ಮಾರನೆಯ ದಿನದಿಂದ ಅಂಗನವಾಡಿಗೆ ಹೋಗುವುದನ್ನು ಬಿಟ್ಟೆ. ಹೌದು, ಬೇಡ ಅಂದವಳು ನಾನೇ. ನಿಮ್ಮ ತಮ್ಮ ಅಷ್ಟು ಮಾತ್ರ ನಿಜ ಹೇಳಿದ್ದಾರೆ.

ಅಕ್ಟೋಬರ್ ಕಾಗದವೂ ಮನೆಗೇ ಬಂತು. ನೀವು ನನ್ನನ್ನು ಬೈದ ಒಂದು ಅಕ್ಷರವನ್ನೂ ಅವರು ಬಿಡದೆ ಓದಿದರು. ‘ನಿನ್ನ ಕೈಯಾರೆ ಆದದ್ದು’ ಅನ್ನುವಾಗ ಅತ್ತೆ ನನ್ನ ಕಡೆ ತಿರುಗಿ, “ಕೇಳುಸ್ಕೊ” ಅಂದರು. ಆವತ್ತೇ ಮಂಡ್ಯಕ್ಕೆ ಹೋಗು ಅಂತ ಬರೆದಿದ್ದಿರಲ್ಲ, ಆ ಸಾಲಿಗೆ ಮಾತ್ರ ಯಾರೂ ಕಿವಿ ಕೊಡಲಿಲ್ಲ. ಬಸ್ಸಿಗೆ ಕೈ ತೋರಿಸಿ ನಾನೇ ಹೊರಡಬೇಕಿತ್ತು. ಆಗಲಿಲ್ಲ. ಅದರ ಸಿಟ್ಟು ನನಗೆ ನನ್ನ ಮೇಲೇ ಇದೆ, ನೀವು ಅದರಲ್ಲಿ ಪಾಲು ಕೇಳಬೇಡಿ.

ನೀವು ಚಪ್ಪಾಳೆ ತಟ್ಟಿಸಿಕೊಳ್ಳುತ್ತಿದ್ದಾಗ ನಾನು ಪೋಸ್ಟಿನವನ ದಾರಿ ಕಾಯುತ್ತಿದ್ದೆ.

ಶಾಲಿನಿ

*

ಹೈದರಾಬಾದ್
2 ನವೆಂಬರ್ 2025

ಪ್ರಿಯ ಶಾಲಿನಿ,

ನಿನ್ನ ನೋವು ನನಗೆ ಅರ್ಥವಾಗುತ್ತದೆ. ಇಂಥ ಸಮಯದಲ್ಲಿ ಆವೇಶ ಸಹಜ. ಆದರೂ ಒಂದೆರಡು ವಿಷಯಗಳನ್ನು ಸ್ಪಷ್ಟಪಡಿಸಬೇಕು. ವೈದ್ಯರು ಬರೆದುಕೊಟ್ಟ ಔಷಧವನ್ನು ನಿಲ್ಲಿಸಬೇಕೆಂದು ನಾನು ಎಲ್ಲಿಯೂ ಬರೆದಿಲ್ಲ. ಮೊದಲ ಪತ್ರ ಬರೆದಾಗ ನಿನಗೆ ಯಾವ ಮಾತ್ರೆಯನ್ನೂ ಕೊಟ್ಟಿರಲಿಲ್ಲ. ನಾನು ಹೇಳಿದ್ದು ಆಹಾರದ ಕುರಿತ ಸಾಮಾನ್ಯ ಸಲಹೆ. ಅದನ್ನು ಮನೆಯವರು ಚಿಕಿತ್ಸೆ ಎಂದು ತಿಳಿದರೆ ಆ ಹೊಣೆ ಪೂರ್ತಿ ನನ್ನದೆನ್ನುವುದು ನ್ಯಾಯವಲ್ಲ. ನಾನು ಸಂಶೋಧಕಿ, ಚಿಕಿತ್ಸೆ ಕೊಡುವ ವೈದ್ಯೆಯಲ್ಲ.

ಮಗುವಿನ ರಿಪೋರ್ಟುಗಳನ್ನು ಕಳಿಸು, ಪರಿಚಯದ ತಜ್ಞರಿಗೆ ತೋರಿಸುತ್ತೇನೆ. ಲ್ಯಾಬಿನಲ್ಲಿ ಕೆಲಸವಿದ್ದುದರಿಂದ ದೀಪಾವಳಿಗೆ ಬರಲಾಗಲಿಲ್ಲ.

ಸುನಿತಾ

*

ಮಂಡ್ಯ
8 ನವೆಂಬರ್ 2025

ಇದರ ಜೊತೆ ನಿಮ್ಮ ಮೊದಲ ಕಾಗದದ ಜೆರಾಕ್ಸ್ ಇದೆ. ಗೆರೆ ಎಳೆದದ್ದು ನಿಮ್ಮ ತಮ್ಮ, ಬರೆದದ್ದು ನೀವು. ‘ಊಟ ಸರಿಯಾಗಿದ್ದರೆ ಮಾತ್ರೆಗಳು ಬೇಕಾಗುವುದೇ ಇಲ್ಲ.’ ‘ಇದು ನನ್ನ ಮಾತು.’ ನಿಮ್ಮ ಲ್ಯಾಬಿನಲ್ಲಿ ಬಾಗಿಲು ಹಾಕಿಕೊಂಡು ಒಂದು ಸಲ ಗಟ್ಟಿಯಾಗಿ ಓದಿ. ವೈದ್ಯೆಯಲ್ಲ ಅಂತ ಇದರಲ್ಲಿ ಎಲ್ಲಿ ಬರೆದಿದ್ದೀರಿ ಅಂತ ತೋರಿಸಿ.

ರಿಪೋರ್ಟು ಕಳಿಸುವುದಿಲ್ಲ.

ಶಾಲಿನಿ

*

ಹೈದರಾಬಾದ್
17 ನವೆಂಬರ್ 2025

ಶಾಲಿನಿ,

ಓದಿದೆ. ಎಲ್ಲೂ ಬರೆದಿಲ್ಲ.

ನಿನ್ನ ಆಗಸ್ಟಿನ ಪ್ರಶ್ನೆ ನನ್ನ ಕಣ್ಣಿಗೆ ಬಿದ್ದಿತ್ತು. ಓದಿಲ್ಲ ಅಂತ ಸುಳ್ಳು ಹೇಳಬಹುದಿತ್ತು, ಹೇಳುವುದಿಲ್ಲ. ‘ಡಾಕ್ಟರು ಕೊಟ್ಟ ಮೇಲೆ ನುಂಗದೆ ಇನ್ನೇನು, ಇದನ್ನೂ ಕೇಳಬೇಕಾ’ ಅಂದುಕೊಂಡು ಅಪ್ಪನ ಮಾತಿಗೆ ಹೋಗಿಬಿಟ್ಟೆ. ಅದು ಭಾಷಣಕ್ಕೆ ಚೆನ್ನಾಗಿತ್ತು. ನೈಟ್ರಿಕ್ ಆಕ್ಸೈಡ್ ಬಗ್ಗೆ ನನಗೆ ತಿಳಿದದ್ದೆಲ್ಲ ಗಾಜಿನ ಬಟ್ಟಲಿನಲ್ಲಿಟ್ಟ ನಾಳದ ತುಣುಕಿನ ಮೇಲೆ. ಬೀಟ್‌ರೂಟಿನಿಂದ ಈ ಕಾಯಿಲೆ ನಿಲ್ಲುತ್ತದೆ ಅಂತ ಯಾರೂ ಸಾಬೀತು ಮಾಡಿಲ್ಲ, ನಡೆದಿರುವ ಪ್ರಯೋಗಗಳು ಬಹಳ ಚಿಕ್ಕವು. ಅದು ನನಗೆ ಗೊತ್ತಿತ್ತು. ಅಷ್ಟನ್ನೂ ಬರೆದರೆ ಕಾಗದ ಸಪ್ಪೆಯಾಗುತ್ತದೆ ಅಂತ ಬಿಟ್ಟೆ. ಮನೆಯಲ್ಲಿ ನನ್ನ ಮಾತು ನಡೆಯುತ್ತದೆ ಅನ್ನುವ ಜಂಬ ಬೇರೆ. ನಿನ್ನ ಮೇಲೆ ಕೂಗಾಡಿದೆನಲ್ಲ, ಅಷ್ಟು ಸಿಟ್ಟು ಬಂದದ್ದು ಒಳಗೆಲ್ಲೋ ಅಳುಕಿದ್ದದ್ದಕ್ಕೇ ಇರಬೇಕು.

ಇನ್ನೊಂದು ಇದೆ. ಇದನ್ನು ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ. ಮೊದಲ ಸಲ, ನಿನಗೆ ಎಂಟು ತುಂಬುವುದರಲ್ಲಿದ್ದಾಗ, ರಾಜೇಂದ್ರ ನನಗೆ ಫೋನ್ ಮಾಡಿದ್ದ. “ಬಿಪಿ ಜಾಸ್ತಿ ಅದೆ, ಅಡ್ಮಿಟ್ ಮಾಡಿ ಅಂತಾವ್ರೆ, ಏನ್ ಮಾಡ್ಲಕ್ಕ?” ಅಂದ. ನಾನು ಮೀಟಿಂಗಿನಲ್ಲಿದ್ದೆ. ಆಸ್ಪತ್ರೆ ಕಂಡರೆ ಕೆಲವರಿಗೆ ಹೆದರಿಕೆಗೇ ಏರುತ್ತದೆ, ಒಂದು ವಾರ ನೋಡಿ ಇನ್ನೊಮ್ಮೆ ತೋರಿಸು ಅಂದು ಫೋನ್ ಇಟ್ಟೆ. ಐದನೇ ದಿನ ಮಗು ಹೋಯಿತು. ಅಮ್ಮ ನಿನ್ನ ಹೊಟ್ಟೆ ಸರಿಯಿಲ್ಲ ಅಂದಳು, ರಾಜೇಂದ್ರ ಸುಮ್ಮನಿದ್ದ, ನಾನೂ ಸುಮ್ಮನಿದ್ದೆ. ಅವನು ನನ್ನನ್ನು ಉಳಿಸಿದ, ನಾನು ಅವನನ್ನು ಉಳಿಸಿದೆ. ನಡುವೆ ನಿನ್ನನ್ನು ಎರಡು ವರ್ಷ ಎಲ್ಲರೂ ತುಳಿದರು.

ಈ ಕಾಗದವನ್ನು ಅಮ್ಮನಿಗೆ, ಅಪ್ಪನಿಗೆ ಓದಿ ಹೇಳು. ನೀನು ಏನು ಬೈದರೂ ಕೇಳುತ್ತೇನೆ.

ಸುನಿತಾ

*

ನಿಡಘಟ್ಟ
1 ಡಿಸೆಂಬರ್ 2025

ಅಕ್ಕ,

ನಿಮ್ಮ ಕಾಗದ ಅರ್ಪಿತ ಟೀಚರ್ ಕೈಯಿಂದ ಬಂತು. ಮಗುವನ್ನು ಶುಕ್ರವಾರ ಆಸ್ಪತ್ರೆಯಿಂದ ಬಿಟ್ಟರು, ನಮ್ಮಮ್ಮನ ಮನೆಗೆ ಕರೆದುಕೊಂಡು ಬಂದಿದ್ದೇನೆ. ಎರಡು ಕೆಜಿಗೆ ಐವತ್ತು ಗ್ರಾಂ ಕಡಿಮೆ ಇದ್ದಾಳೆ. ನನ್ನ ಬಿಪಿ ಇನ್ನೂ ಇಳಿದಿಲ್ಲ, ಮಾತ್ರೆ ನುಂಗುತ್ತಿದ್ದೇನೆ.

ಓದಿದ ದಿನ ನನಗೆ ಊಟ ಸೇರಲಿಲ್ಲ. ಆ ಮೊದಲ ಮಗುವನ್ನು ಮಣ್ಣಿಗೆ ಇಟ್ಟು ಬಂದ ದಿನ ನಿಮ್ಮ ತಮ್ಮ ನನ್ನ ಪಕ್ಕದಲ್ಲೇ ಕೂತು ಅತ್ತರು. ಅತ್ತವರ ಬಾಯಲ್ಲಿ ಒಂದು ಮಾತು ಬರಲಿಲ್ಲವಲ್ಲ! ಭಾನುವಾರ ಬಂದಾಗ ಕೇಳಿದೆ. ಹೌದು ಅಂತ ಒಪ್ಪಿಕೊಂಡರು. ತಂದ ಹಣ್ಣನ್ನು ವಾಪಸ್ ಕೊಟ್ಟು ಕಳಿಸಿದೆ.

ಮೊನ್ನೆ ಅತ್ತೆ ಬಂದಿದ್ದರು. ಮಗುವಿನ ಕಾಲು ಮುಟ್ಟಿ ನೋಡಿ, “ದೇವ್ರು ದೊಡ್ಡೋನು. ಇಲ್ದಿದ್ರೆ ನಿನ್ ಒಟ್ಟೆ ಬಾಳೋ ಒಟ್ಟೆ ಅಲ್ಲ ಕಣಮ್ಮ” ಅಂದರು. ಕಾಗದ ನನ್ನ ದಿಂಬಿನ ಕೆಳಗೇ ಇತ್ತು. ಕೈ ಹೋಯಿತು. ಓದಿ ಹೇಳಲಿಲ್ಲ. ಸೊಸೆ ಓದಿದರೆ ಅದು ಸೊಸೆ ಕಟ್ಟಿದ ಕಥೆಯಾಗುತ್ತದೆ. ಅಲ್ಲದೆ ನಿಮ್ಮ ತಪ್ಪನ್ನು ನನ್ನ ಬಾಯಿಂದ ಯಾಕೆ ಹೇಳಿಸುತ್ತೀರಿ? ಬರೆಯುವುದು ನಿಮಗೆ ಸಲೀಸು. ಬೈದದ್ದೂ ಬರೆದೇ, ಬುದ್ಧಿ ಹೇಳಿದ್ದೂ ಬರೆದೇ, ಈಗ ತಪ್ಪಾಯಿತು ಅನ್ನುವುದೂ ಬರೆದೇ. ಇನ್ನು ಬರೆಯಬೇಡಿ.

ಡಿಸೆಂಬರ್ ಇಪ್ಪತ್ತೊಂದು ಭಾನುವಾರ ಹೆಸರಿಡುವುದು ಅಂತ ಹಿರಿಯರು ಗೊತ್ತು ಮಾಡಿದ್ದಾರೆ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನೀವು. ಅತ್ತೆ, ಮಾವ, ನಿಮ್ಮ ತಮ್ಮ, ನಮ್ಮ ಅಪ್ಪ ಅಮ್ಮ ಎಲ್ಲರೂ ಇರುತ್ತಾರೆ. ಬನ್ನಿ. ಬಂದು ಮೊದಲು ನಿಮ್ಮಮ್ಮನ ಎದುರು ನಿಂತು, ಆ ಫೋನಿನಲ್ಲಿ ಏನಂದಿರಿ ಅನ್ನುವುದನ್ನು ಬಾಯಿಬಿಟ್ಟು ಹೇಳಿ. ಎಲ್ಲರಿಗೂ ಕೇಳುವ ಹಾಗೆ ಹೇಳಿ. ಆಮೇಲೆ ಮಗುವನ್ನು ನಾನೇ ನಿಮ್ಮ ಮಡಿಲಿಗೆ ಹಾಕುತ್ತೇನೆ, ಹೆಸರು ಹೇಳುವಿರಂತೆ.

ಹೇಳಲು ಆಗದಿದ್ದರೆ ಬರಬೇಡಿ. ಹೆಸರಿಗೆ ಅವಸರವಿಲ್ಲ. ಪಾಪು ಅಂದರೆ ಈಗಲೇ ಕಣ್ಣು ಬಿಡುತ್ತಾಳೆ.

ಶಾಲಿನಿ